‘ಈಡು’ ಯಾರಿಗೆ ಸಂದಿತು? ವಿಮೋಚನೆ ಎಂಬ ಮಾತಿನ ಹಿನ್ನೆಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕ್ರೈಸ್ತ ಸಭೆಗಳಲ್ಲಿ ರಕ್ಷಣೆ, ಬಿಡುಗಡೆ, ವಿಮೋಚನೆ ಎಂಬ ಮೂರು ಮಾತುಗಳು ಇಂದು ಬೆರೆತುಹೋಗಿವೆ. ಒಂದು ಕೂಟದಲ್ಲಿ ಬಿಡುಗಡೆಯೆಂದರೆ ಕಾಯಿಲೆಯಿಂದಲೋ ದೆವ್ವದ ಕಾಟದಿಂದಲೋ ಪಾರಾಗುವುದು. ಇನ್ನೊಂದರಲ್ಲಿ ರಕ್ಷಣೆಯೆಂದರೆ ಸತ್ತ ಮೇಲೆ ನರಕ ತಪ್ಪುವುದು. ಮತ್ತೊಂದರಲ್ಲಿ ವಿಮೋಚನೆಯೆಂದರೆ ನಮ್ಮ ಪಾಪಕ್ಕೆ ಸಲ್ಲಬೇಕಾದ ದಂಡವನ್ನು ಯೇಸು ತೆತ್ತದ್ದು. ಮೂರಕ್ಕೂ ಬೈಬಲಿನಲ್ಲಿ ಆಧಾರವುಂಟು. ಆದರೆ ಈ ಅರ್ಥಗಳು ಎಲ್ಲಿ ಕೂಡಿದವು, ಎಲ್ಲಿ ಕವಲೊಡೆದವು ಎಂಬುದು ಸಭೆಯೊಳಗೇ ಹುಟ್ಟಿ ಬೆಳೆದವರಿಗೂ ತಿಳಿಯದಷ್ಟು ಗೋಜಲಾಗಿದೆ.

ವಿಮೋಚನೆ ಎಂಬ ಮಾತು ಮೊದಲು ಹುಟ್ಟಿದ್ದು ದೇವಾಲಯದಲ್ಲಲ್ಲ, ಹೊಲಮನೆಯ ವ್ಯವಹಾರದಲ್ಲಿ. ಬಡತನಕ್ಕೆ ಸಿಕ್ಕಿ ಹೊಲ ಮಾರಿದವನ ಭೂಮಿಯನ್ನು ಅವನ ಹತ್ತಿರದ ಬಂಧುವೊಬ್ಬನು ಬಿಡಿಸಿಕೊಳ್ಳಬೇಕೆಂದು ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ವಿಧಿಸುತ್ತದೆ. ತನ್ನನ್ನೇ ಪರದೇಶಿಗೆ ಮಾರಿಕೊಂಡವನನ್ನು ಅಣ್ಣತಮ್ಮಂದಿರಾಗಲಿ, ಚಿಕ್ಕಪ್ಪನಾಗಲಿ, ಚಿಕ್ಕಪ್ಪನ ಮಗನಾಗಲಿ ಬಿಡಿಸಬಹುದು. ಮಾರಿದ ಹೊಲವೂ ಮಾರಿಕೊಂಡ ಆಳೂ ತಾನಾಗಿ ಬಿಡುಗಡೆಯಾಗುವ ಐವತ್ತನೆಯ ವರ್ಷಕ್ಕೆ, ಅಂದರೆ ಜೂಬಿಲಿಗೆ, ಇನ್ನೆಷ್ಟು ವರ್ಷ ಉಳಿದಿದೆ ಎಂಬುದರ ಮೇಲೆ ಕ್ರಯ ನಿಗದಿಯಾಗುತ್ತದೆ. ಹೀಗೆ ಬಿಡಿಸುವ ಬಂಧುವಿಗೆ ಹೀಬ್ರೂ ಭಾಷೆಯಲ್ಲಿ ‘ಗೋಏಲ್’ ಎನ್ನುತ್ತಾರೆ. ರೂತಳ ಕಥೆಯಲ್ಲಿ ಬೋವಜನು ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು ಈ ಹಕ್ಕನ್ನು ಕೇಳಿ ಪಡೆಯುತ್ತಾನೆ. ಅವನಿಗಿಂತ ಹತ್ತಿರದ ಬಂಧು ಇನ್ನೊಬ್ಬನಿರುತ್ತಾನೆ. ಹೊಲವನ್ನು ಕೊಳ್ಳಲು ಅವನು ಮೊದಲು ಒಪ್ಪುತ್ತಾನೆ, ಜೊತೆಗೆ ವಿಧವೆಯಾದ ರೂತಳನ್ನೂ ಮದುವೆಯಾಗಬೇಕೆಂದು ತಿಳಿದಾಗ ತನ್ನ ಸ್ವಂತ ಆಸ್ತಿಗೆ ಧಕ್ಕೆಯಾದೀತೆಂದು ಹಿಂಜರಿದು, ಕಾಲಿನ ಕೆರವನ್ನು ಕಳಚಿಕೊಟ್ಟು ಹಕ್ಕು ಬಿಟ್ಟುಕೊಡುತ್ತಾನೆ.

ಗುಳೇದಗುಡ್ಡದ ನೇಕಾರ ಮನೆತನದ ಅಜ್ಜಿಯೊಬ್ಬರು ಒಂದು ಶುಭ ಶುಕ್ರವಾರ, ಮೂರು ತಾಸಿನ ಆರಾಧನೆ ಮುಗಿಸಿ ಗುಡಿಯ ಕಟ್ಟೆಯ ಮೇಲೆ ಕುಳಿತು, ಗಿರವಿಗೆ ಹೋಗಿದ್ದ ತಮ್ಮ ಬೋರಮಾಳದ ಕಥೆ ಹೇಳಿದ್ದರು. ಮಗ್ಗಕ್ಕೆ ಕೆಲಸವಿಲ್ಲದ ವರ್ಷ ಅದನ್ನು ಒತ್ತೆಯಿಟ್ಟಿದ್ದರಂತೆ. ಬಡ್ಡಿ ಬೆಳೆದು ಆಸೆ ಬಿಟ್ಟಿದ್ದಾಗ ಅವರ ಅಣ್ಣ ಎತ್ತು ಮಾರಿ ಬಿಡಿಸಿಕೊಂಡು ಬಂದು, ಕರವಸ್ತ್ರದ ಗಂಟು ಬಿಚ್ಚಿ ಕೈಯಲ್ಲಿಟ್ಟನಂತೆ. “ರೊಕ್ಕ ಯಾರಿಗಿ ಮುಟ್ಟಿತು ಅಂತ ನಾ ಕೇಳಲಿಲ್ರಿ. ಬಿಡಿಸಿದಾಂವ ನಮ್ಮಣ್ಣ, ಅಷ್ಟ ನೆನಪದ,” ಎಂದರು. ಕ್ರೈಸ್ತ ಚಿಂತಕರು ಶತಮಾನಗಟ್ಟಲೆ ಚರ್ಚಿಸಿದ್ದು, ಆ ಅಜ್ಜಿ ಕೇಳದೆ ಬಿಟ್ಟ ಪ್ರಶ್ನೆಯನ್ನೇ.

ಮಾರ್ಕನ ಸುವಾರ್ತೆಯಲ್ಲಿ ಯೇಸು ತನ್ನ ಪ್ರಾಣವನ್ನು ಅನೇಕರಿಗಾಗಿ ‘ಈಡು’ ಕೊಡಲು ಬಂದೆನೆನ್ನುತ್ತಾನೆ. ಸೆರೆಯಾಳನ್ನೋ ಗುಲಾಮನನ್ನೋ ಬಿಡಿಸಲು ತೆರುವ ಹಣಕ್ಕೆ ಗ್ರೀಕರು ಬಳಸುತ್ತಿದ್ದ ಪದವದು. ಮೂರನೇ ಶತಮಾನದಲ್ಲಿ ಒರಿಗೆನನು ಈ ಕ್ರಯ ಸಂದದ್ದು ಸೈತಾನನಿಗೆ ಎಂದನು. ಕಳ್ಳನಾದ ಸೈತಾನನಿಗೆ ಕ್ರಯ ಸಲ್ಲುವುದೇ ಅವಮಾನ, ತಂದೆಯಾದ ದೇವರಿಗೆ ಸಂದಿತೆನ್ನೋಣವೆಂದರೆ ನಮ್ಮನ್ನು ಸೆರೆಯಲ್ಲಿಟ್ಟವನು ತಂದೆಯಲ್ಲವಲ್ಲ ಎಂದು ನಾಲ್ಕನೇ ಶತಮಾನದಲ್ಲಿ ನಜಿಯಾನ್ಜಸಿನ ಗ್ರೆಗರಿ ಎರಡನ್ನೂ ತಳ್ಳಿಹಾಕಿದನು. 1098ರ ಹೊತ್ತಿಗೆ ಆನ್ಸೆಲ್ಮನು ಅದನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಋಣವೆಂದು ವಿವರಿಸಿದನು. ಹದಿನಾರನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರ ಕೈಯಲ್ಲಿ ಋಣವು ದಂಡವಾಯಿತು. ಇಂದು ನಮ್ಮ ಪ್ರಸಂಗಪೀಠಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಈ ಕೊನೆಯ ವಿವರಣೆಯೇ. ಅದರಲ್ಲಿ ನ್ಯಾಯಾಲಯ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಬಂಧು ಮಾತ್ರ ಮಸುಕಾಗಿದ್ದಾನೆ.

ಕನ್ನಡದಲ್ಲಿ ಈ ಮಾತಿಗೆ ಇನ್ನೊಂದು ತಿರುವು ಬಂತು. ಲಂಡನ್ ಮಿಷನ್ 1820ರಲ್ಲಿ ಬೆಳಗಾವಿಗೆ, ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂದವು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡವಾಗಿತ್ತು. ಬಸವಣ್ಣನವರು ಹುಟ್ಟಿ ಐಕ್ಯರಾದ ಈ ಸೀಮೆಯ ಜನರ ಕಿವಿಗೆ ಬಂಧನವೆಂದರೆ ಭವಬಂಧನ, ಬಿಡುಗಡೆಯೆಂದರೆ ಮತ್ತೆ ಹುಟ್ಟಿ ಬಾರದಿರುವುದು. ಕ್ರೈಸ್ತ ನಂಬಿಕೆ ಹೇಳುವುದು ಬೇರೆ. ‘ನಮ್ಮ ದೇಹದ ವಿಮೋಚನೆ’ಗಾಗಿ ಕಾಯುತ್ತಿದ್ದೇವೆಂದು ಪೌಲನು ರೋಮಾಪುರದವರಿಗೆ ಬರೆಯುತ್ತಾನೆ. ದೇಹವನ್ನು ಕಳಚುವುದಲ್ಲ, ದೇಹಸಹಿತ ಬಿಡಿಸಲ್ಪಡುವುದು ಅವನ ನಿರೀಕ್ಷೆ.

ಗ್ರೀಕಿನಲ್ಲಿ ‘ಹೊರಡುವಿಕೆ’ ಎಂಬ ಅರ್ಥದ ಹೆಸರಿರುವ ಬೈಬಲಿನ ಎರಡನೇ ಗ್ರಂಥ ಕನ್ನಡದಲ್ಲಿ ‘ವಿಮೋಚನಕಾಂಡ’ವಾದದ್ದು, ನನ್ನ ಮಟ್ಟಿಗೆ, ನಮ್ಮ ಭಾಷೆಗೆ ದೊರೆತ ಭಾಗ್ಯ. ಇಟ್ಟಿಗೆ ಬಡಿಯುತ್ತಿದ್ದ ಬಿಟ್ಟಿಯಾಳುಗಳು ಐಗುಪ್ತದಿಂದ ಹೊರಟ ಕಥೆಯಲ್ಲೇ ಕನ್ನಡದ ಓದುಗ ಈ ಪದವನ್ನು ಮೊದಲು ಎದುರುಗೊಳ್ಳುತ್ತಾನೆ. ಅಲ್ಲಿ ದೇವರು ಫರೋಹನಿಗೆ ಒಂದು ಕಾಸನ್ನೂ ಕೊಡುವುದಿಲ್ಲ. ಬಾಬಿಲೋನಿನ ಸೆರೆಯವರ ಕುರಿತು ಯೆಶಾಯನ ಗ್ರಂಥದ 52ನೇ ಅಧ್ಯಾಯವೂ ಹಣವಿಲ್ಲದೆ ಬಿಡಿಸಲ್ಪಡುವಿರೆಂದೇ ಹೇಳುತ್ತದೆ. ಅಥಣಿಯಲ್ಲಿ ದೇವದಾಸಿಯರ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ ‘ವಿಮೋಚನಾ’ ಎಂಬ ಹೆಸರನ್ನು ಆರಿಸಿಕೊಂಡಾಗ, ಆ ಮಾತು ಊರಬಾಗಿಲ ಹಿರಿಯರ ಮುಂದೆ ಬೋವಜ ಆಡಿದ ಅರ್ಥಕ್ಕೆ ಬಹಳ ದೂರವೇನೂ ಇರಲಿಲ್ಲ.