ಗರಿಷ್ಠ ಸ್ಕೋರ್ 163, ಸರಾಸರಿ 389.5: ಕರುಣ್ ನಾಯರ್ ಲೆಕ್ಕ

ಪ್ರಶ್ನೆ: 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಕರುಣ್ ನಾಯರ್ ಸರಾಸರಿ 389.5 ಅಂತಾರೆ. ಆದರೆ ಅವರ ಗರಿಷ್ಠ ಸ್ಕೋರೇ 163. ಗರಿಷ್ಠಕ್ಕಿಂತ ಸರಾಸರಿ ಜಾಸ್ತಿ ಇರೋಕೆ ಹೇಗೆ ಸಾಧ್ಯ? ನಾಟೌಟ್ ಹೆಸರಲ್ಲಿ ಸುಮ್ನೆ ಉಬ್ಬಿಸಿದ್ದಾರೆ ಅಲ್ವಾ?

ಸಾಧ್ಯ. ಉಬ್ಬಿಸಿಲ್ಲ. ಇಷ್ಟು ಹೇಳಿದರೆ ಯಾರೂ ಒಪ್ಪಲ್ಲ ಅಂತ ಗೊತ್ತು. ವಿಜಯ್ ಹಜಾರೆಯಂಥ ದೇಶಿ ಒನ್‌ಡೇ ಕ್ರಿಕೆಟ್ ಸೀಸನ್ ಶುರುವಾದಾಗಲೆಲ್ಲ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಲೆಕ್ಕ ಬರೆದೇ ಬಿಡುತ್ತೇನೆ.

ವಿದರ್ಭ ನಾಯಕನಾಗಿ ಕರುಣ್ ಬ್ಯಾಟ್ ಹಿಡಿದದ್ದು 8 ಇನಿಂಗ್ಸ್. ಜಮ್ಮು-ಕಾಶ್ಮೀರದ ಮೇಲೆ 112 ನಾಟೌಟ್, ಛತ್ತೀಸ್‌ಗಢದ ಮೇಲೆ 44 ನಾಟೌಟ್, ಚಂಡೀಗಢದ ಮೇಲೆ 163 ನಾಟೌಟ್, ತಮಿಳುನಾಡಿನ ಮೇಲೆ 111 ನಾಟೌಟ್, ಉತ್ತರ ಪ್ರದೇಶದ ಮೇಲೆ 112ಕ್ಕೆ ಔಟ್. ಕ್ವಾರ್ಟರ್ ಫೈನಲ್‌ನಲ್ಲಿ ರಾಜಸ್ಥಾನದ ಮೇಲೆ 122 ನಾಟೌಟ್, ಸೆಮಿಯಲ್ಲಿ ಮಹಾರಾಷ್ಟ್ರದ ಮೇಲೆ 88 ನಾಟೌಟ್, ಫೈನಲ್‌ನಲ್ಲಿ ನಮ್ಮ ಕರ್ನಾಟಕದ ಮೇಲೆ 27ಕ್ಕೆ ಔಟ್. ಕೂಡಿಸಿ ನೋಡಿ, 779 ಬರುತ್ತದೆ. ಔಟ್ ಆಗಿದ್ದು ಎರಡೇ ಸಲ. 779ನ್ನು 2ರಿಂದ ಭಾಗಿಸಿದರೆ 389.5. ಲೆಕ್ಕ ಮುಗಿಯಿತು.

ಗೊಂದಲ ಎಲ್ಲಿ ಅಂದರೆ, ಬ್ಯಾಟಿಂಗ್ ಸರಾಸರಿ ಅಂದರೆ ಪಂದ್ಯಕ್ಕೆ ಎಷ್ಟು ರನ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ. ಅದು ಒಂದು ವಿಕೆಟ್ ಖರ್ಚಿಗೆ ಎಷ್ಟು ರನ್ ಬಂತು ಅನ್ನೋ ಲೆಕ್ಕ. ಗಾಡಿ ಮೈಲೇಜ್ ನೋಡುವಾಗ ಎಷ್ಟು ಸಲ ಗಾಡಿ ಹೊರಗೆ ತೆಗೆದಿರಿ ಅಂತ ಕೇಳಲ್ಲ, ಎಷ್ಟು ಲೀಟರ್ ಪೆಟ್ರೋಲ್ ಖರ್ಚಾಯಿತು ಅಂತ ಕೇಳುತ್ತಾರೆ. ಕರುಣ್ ಖರ್ಚು ಮಾಡಿದ್ದು ಎರಡೇ ಲೀಟರ್.

ಈಗ ಆ "ನಾಟೌಟ್ ಮೋಸ" ಅನ್ನೋ ಮಾತಿಗೆ ಬರೋಣ. ಎಷ್ಟು ಹೇಳಿದರೂ ಸಾಯದ ಮಾತು ಇದು. ನಾಟೌಟ್‌ನಿಂದ ಸರಾಸರಿ ವಿಚಿತ್ರವಾಗಿ ಏರಿದ ಉದಾಹರಣೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇದೆ. 1953ರ ಇಂಗ್ಲೆಂಡ್ ಪ್ರವಾಸದಲ್ಲಿ ಆಸ್ಟ್ರೇಲಿಯಾದ ಬಿಲ್ ಜಾನ್‌ಸ್ಟನ್ 17 ಇನಿಂಗ್ಸ್ ಆಡಿ, 16ರಲ್ಲಿ ನಾಟೌಟ್ ಉಳಿದು, ಒಟ್ಟು 102 ರನ್ ಹೊಡೆದು 102ರ ಸರಾಸರಿ ಮಾಡಿಕೊಂಡರು. ಅವರು ಕೊನೆಗೆ ಬರುವ ಬೌಲರ್! ಅಂಥದ್ದಕ್ಕೆ ಬೇಕಾದರೆ ನಗಿ. ಆದರೆ ಕರುಣ್ ನಾಟೌಟ್‌ಗಳನ್ನು ಇನ್ನೊಂದು ಸಲ ಓದಿ. ಆರರಲ್ಲಿ ನಾಲ್ಕು ಶತಕ, ಇನ್ನೊಂದು 88. ಕೊನೇ ಓವರ್‌ನಲ್ಲಿ ಬಂದು ಎರಡು ಬಾಲ್ ಆಡಿ ಉಳಿದುಕೊಂಡವನ ಸ್ಕೋರ್‌ಗಳಾ ಇವು? ರಾಜಸ್ಥಾನದ ಮೇಲೆ 292 ಬೇಕಿತ್ತು, ಒಂದೇ ವಿಕೆಟ್ ಕಳೆದುಕೊಂಡು ವಿದರ್ಭ ಮುಟ್ಟಿತು, ಆ ಕಡೆ ಧ್ರುವ್ ಶೋರೆ ಕೂಡ ಶತಕ ಹೊಡೆದು ನಿಂತಿದ್ದರು. ಗುರಿ ಮುಟ್ಟಿದ ಮೇಲೆ ಕರುಣ್ ಏನು ಮಾಡಬೇಕಿತ್ತು, ಸರಾಸರಿ ಸರಿಹೋಗಲಿ ಅಂತ ಔಟ್ ಆಗಿ ಬರಬೇಕಿತ್ತಾ? ಸೆಮಿಯ 88 ಬಂದದ್ದು ಬರೀ 44 ಬಾಲ್‌ನಲ್ಲಿ. ಅಲ್ಲಿ ಮುಗಿದದ್ದು ಓವರ್‌ಗಳು.

ಸರಿ, ನಿಮ್ಮ ದಾರಿಗೇ ಬರುತ್ತೇನೆ. ಎಂಟೂ ಇನಿಂಗ್ಸ್‌ನಲ್ಲಿ ಔಟ್ ಅಂತಲೇ ಇಟ್ಟುಕೊಳ್ಳಿ. ಆಗಲೂ ಸರಾಸರಿ 97ರ ಮೇಲೆ. ಇನ್ನೊಂದು ಮಜಾ ನೋಡಿ. ಇದೇ ಟೂರ್ನಿಯಲ್ಲಿ 2022-23ರಲ್ಲಿ ತಮಿಳುನಾಡಿನ ಜಗದೀಶನ್ 8 ಇನಿಂಗ್ಸ್‌ನಲ್ಲಿ 830, 2020-21ರಲ್ಲಿ ಮುಂಬೈನ ಪೃಥ್ವಿ ಶಾ 8 ಇನಿಂಗ್ಸ್‌ನಲ್ಲಿ 827 ಹೊಡೆದಿದ್ದರು. ಇನಿಂಗ್ಸ್ ಲೆಕ್ಕ ಹಿಡಿದರೆ ಮೂವರೂ ನೂರರ ಆಸುಪಾಸು, ಕರುಣೇ ಸ್ವಲ್ಪ ಹಿಂದೆ. ಆದರೆ ಜಗದೀಶನ್ ಆರು ಸಲ ಔಟ್, ಶಾ ಐದು ಸಲ. ಅದಕ್ಕೇ ಅವರ ಸರಾಸರಿ 138 ಮತ್ತು 165. ಜಗದೀಶನ್ ರನ್‌ನಲ್ಲಿ 277 ಅರುಣಾಚಲದ ಮೇಲೆ ಒಂದೇ ದಿನ ಬಂದದ್ದು ಅನ್ನೋದನ್ನೂ ಮರೆಯಬೇಡಿ. ಕರುಣ್‌ಗೆ ಅಂಥ ಒಂದು ದೊಡ್ಡ ದಿನ ಇರಲಿಲ್ಲ. ಅವರನ್ನು ಔಟ್ ಮಾಡೋಕೇ ಆಗುತ್ತಿರಲಿಲ್ಲ, ಅಷ್ಟೇ. ಮೊದಲ ಸಲ ಔಟ್ ಆಗೋ ಹೊತ್ತಿಗೆ, ಐದು ಇನಿಂಗ್ಸ್ ಸೇರಿ 542 ರನ್ ಹೊಡೆದಿದ್ದರು, ಲಿಸ್ಟ್ ಎ ಕ್ರಿಕೆಟ್‌ನಲ್ಲಿ (ದೇಶಿ, ಅಂತಾರಾಷ್ಟ್ರೀಯ ಒನ್‌ಡೇ ಎಲ್ಲ ಸೇರಿದ ವರ್ಗ) ಔಟ್ ಆಗದೆ ಇಷ್ಟು ರನ್ ಹೊಡೆದದ್ದು ವಿಶ್ವದಾಖಲೆ. ಮೊದಲು ಅದು ನ್ಯೂಜಿಲೆಂಡಿನ ಜೇಮ್ಸ್ ಫ್ರಾಂಕ್ಲಿನ್ ಹೆಸರಲ್ಲಿತ್ತು, 527.

ಹಾಗಂತ 389.5 ನೋಡಿ ಕೈಮುಗಿಯೋದೂ ಬೇಡ. ಫೈನಲ್‌ಗೆ ಮುಂಚೆ ಇದೇ ಸರಾಸರಿ 752 ಇತ್ತು. ಪ್ರಸಿದ್ಧ್ ಕೃಷ್ಣ ಒಂದು ಬಾಲ್‌ನಲ್ಲಿ ಬೌಲ್ಡ್ ಮಾಡಿದರು, ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ಔಟ್ ಆದದ್ದು ಇಷ್ಟು ಕಮ್ಮಿ ಸಲ ಇದ್ದಾಗ ಸರಾಸರಿ ಹೀಗೇ ಕುಣಿಯುತ್ತದೆ. ಆಟ ಎಷ್ಟು ಚೆನ್ನಾಗಿತ್ತು ಅಂತ ತಿಳಿಯೋಕೆ 779 ರನ್, 5 ಶತಕ ಸಾಕು. ಸರಾಸರಿಯನ್ನು ಪೇಪರ್ ಹೆಡ್‌ಲೈನ್‌ಗೆ ಬಿಡಿ.

"ನಮ್ಮ ಹುಡುಗ ವಿದರ್ಭಕ್ಕೆ ಯಾಕೆ ಆಡಿದ" ಅನ್ನೋದು ಇದರ ಬಾಲಂಗೋಚಿ. ಟೆಸ್ಟ್‌ನಲ್ಲಿ 303, ರಣಜಿ ಫೈನಲ್‌ನಲ್ಲಿ 328 ಹೊಡೆದ ಮೇಲೂ 2022ರಲ್ಲಿ ಕರ್ನಾಟಕ ತಂಡದಲ್ಲಿ ಜಾಗ ಹೋಯಿತು. ಮುಂದಿನ ಸೀಸನ್‌ಗೆ ವಿದರ್ಭ ಸೇರಿದರು. 2025-26ಕ್ಕೆ ವಾಪಸ್ ಬಂದಿದ್ದಾರೆ. ಅದರಲ್ಲಿ ದ್ರೋಹ ಹುಡುಕಬೇಡಿ.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಆ ಸಲ ಕಪ್ ಗೆದ್ದವರು ಯಾರು ಅಂತ ಒಬ್ಬರೂ ಕೇಳಲ್ಲ! ಗೆದ್ದದ್ದು ಮಯಾಂಕ್ ಅಗರ್ವಾಲ್ ನಾಯಕತ್ವದ ಕರ್ನಾಟಕ, 2025ರ ಜನವರಿ 18ರಂದು ವಡೋದರದಲ್ಲಿ, 36 ರನ್‌ಗಳಿಂದ. 67ಕ್ಕೆ 3 ಹೋಗಿತ್ತು, ಆಗ ಸ್ಮರಣ್ ರವಿಚಂದ್ರನ್ ಮತ್ತು ಶ್ರೀಜಿತ್ ಸೇರಿ 160 ರನ್ ಕೂಡಿಸಿದರು, ಕೊನೆಗೆ ಅಭಿನವ್ ಮನೋಹರ್ 42 ಬಾಲ್‌ಗೆ 79 ಚಚ್ಚಿದರು, ಮೊತ್ತ 348. ವಿದರ್ಭದ ಕಡೆ ಶೋರೆ ಫೈನಲ್‌ನಲ್ಲೂ ಶತಕ ಹೊಡೆದರು, ಆದರೂ 312ಕ್ಕೆ ಆಲೌಟ್. ಕರ್ನಾಟಕಕ್ಕೆ ಇದು ಐದನೇ ಕಪ್. ಆ ದಿನದವರೆಗೆ ಈ ಟೂರ್ನಿಯಲ್ಲಿ ಐದು ಫೈನಲ್ ಆಡಿ ಐದನ್ನೂ ಗೆದ್ದ ತಂಡ ನಮ್ಮದು. 2019ರ ಫೈನಲ್ ಅಂತೂ ಚಿನ್ನಸ್ವಾಮಿಯಲ್ಲೇ, ತಮಿಳುನಾಡಿನ ಮೇಲೆ. ನಮ್ಮ ಬೌಲರ್ ಮಿಥುನ್ ತಮ್ಮ ಹುಟ್ಟುಹಬ್ಬದ ದಿನ ಹ್ಯಾಟ್ರಿಕ್ ತೆಗೆದದ್ದು ಅದರಲ್ಲೇ.

ಸ್ಮರಣ್ ಆ ಫೈನಲ್‌ನಲ್ಲಿ 92 ಬಾಲ್‌ಗೆ 101 ಹೊಡೆದರು. ಒಂದು ವಾರದೊಳಗೆ ರಣಜಿಯಲ್ಲಿ ಪಂಜಾಬ್ ಮೇಲೆ 203. ಮುಂದಿನ ಸಲ ಅವರ ಬಗ್ಗೆ ಯಾರಾದರೂ ಪ್ರಶ್ನೆ ಕಳಿಸಿ, ಖುಷಿಯಿಂದ ಬರೆಯುತ್ತೇನೆ.