ಬೋರ್ಡ್ ಜಾರಿದರೆ ಫಿನ್ ದೊಡ್ಡದು ಮಾಡಬೇಡಿ

ಕುಶಾಲನಗರದವರಿರಲಿ, ಸೋಮವಾರಪೇಟೆಯವರಿರಲಿ, ವಿಂಡ್‌ಸರ್ಫಿಂಗ್ ಬೋರ್ಡ್ (ಹಾಯಿ ಕಟ್ಟಿ ನೀರಿನ ಮೇಲೆ ಓಡಿಸುವ ಹಲಗೆ) ಹೊತ್ತು ತರುವವರ ದೂರು ಒಂದೇ: "ವೇಗ ಹಿಡಿಯುವಷ್ಟರಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತೆ ಸಾರ್, ಇನ್ನೂ ದೊಡ್ಡ ಫಿನ್ ಕೊಡಿ." ಫಿನ್ ಅಂದರೆ ಬೋರ್ಡಿನ ತಳದಲ್ಲಿ, ಹಿಂಭಾಗಕ್ಕೆ ನೀರಿಗಿಳಿದಿರುವ ರೆಕ್ಕೆ. ದಯವಿಟ್ಟು ದುಡ್ಡು ಉಳಿಸಿಕೊಳ್ಳಿ. ಬಹುಪಾಲು ಸಲ ತಪ್ಪು ಹಿಂಗಾಲಿನದು.

ಫಿನ್ ನೀರಿನಲ್ಲಿ ತುಸು ಓರೆಯಾಗಿ ಸಾಗುತ್ತದೆ. ಆಗ ಅದರ ಒಂದು ಮಗ್ಗುಲಲ್ಲಿ ಒತ್ತಡ ಕುಸಿಯುತ್ತದೆ. ಹಾಯಿ ಬೋರ್ಡನ್ನು ಪಕ್ಕಕ್ಕೆ ತಳ್ಳುವುದನ್ನು ತಡೆಯುವುದು ಅದೇ. ಓರೆ ಅಷ್ಟೇ ಇದ್ದು ವೇಗ ಅರ್ಧವಾದರೆ ಹಿಡಿತ ಕಾಲುಭಾಗಕ್ಕೆ ಇಳಿಯುತ್ತದೆ. ವೇಗ ಕೂಡುವ ಮೊದಲೇ ಹಿಂಗಾಲು ಒತ್ತಿದಿರೋ, ಓರೆ ಹೆಚ್ಚಿ, ಒತ್ತಡ ಕುಸಿದ ಮಗ್ಗುಲಿಗೆ ಮೇಲಿನಿಂದ ಗಾಳಿ ನುಗ್ಗುತ್ತದೆ. ಗಾಳಿ ಹೊಕ್ಕ ಫಿನ್ ನೀರನ್ನು ಹಿಡಿಯುವುದಿಲ್ಲ.

ಹಾಗಾಗಿ ಮೊದಲು ಹಾರ್ನೆಸ್‌ಗೆ (ಹಾಯಿಗೆ ಕೊಕ್ಕೆಯಿಂದ ಸಿಕ್ಕಿಸುವ ಸೊಂಟಪಟ್ಟಿ) ಜೋತು ಭಾರವನ್ನು ಮಾಸ್ಟ್ (ಹಾಯಿಯ ಕಂಬ) ಬುಡಕ್ಕೆ ಕೊಡಿ. ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ಕಡೆಗೆ ತುಸು ತಿರುಗಿಸಿ ಓಡಲು ಬಿಡಿ. ಹಿಂಗಾಲು ಸ್ಟ್ರಾಪ್‌ಗೆ (ಬೋರ್ಡಿನ ಮೇಲೆ ಪಾದ ತೂರಿಸುವ ಪಟ್ಟಿ) ಹೋಗುವುದು ಆಮೇಲೆ. ಜಾರಿಯೇಬಿಟ್ಟರೆ ಒತ್ತುವುದನ್ನು ನಿಲ್ಲಿಸಿ, ಅದೇ ಕಾಲಿನಿಂದ ಬೋರ್ಡನ್ನು ನಿಮ್ಮ ಅಡಿಗೆ ಎಳೆದುಕೊಳ್ಳಿ; ಗಾಳಿ ಬಿಟ್ಟು ಫಿನ್ ಮತ್ತೆ ಕಚ್ಚುತ್ತದೆ.

ಫ್ರೀರೈಡ್ (ಸ್ಪರ್ಧೆಗಲ್ಲದ, ಸಾಮಾನ್ಯ ಸವಾರಿಯ) ಬೋರ್ಡಿಗೆ 6 ಚದರ ಮೀಟರ್ ಹಾಯಿ ಇದ್ದರೆ 32–34 ಸೆಂ.ಮೀ., 7.5ಕ್ಕೆ 38–42 ಸೆಂ.ಮೀ. ಫಿನ್ ಸಾಕು. ಇದು ಅಂದಾಜು, ಬೋರ್ಡಿನ ಅಗಲ, ನಿಮ್ಮ ತೂಕ ನೋಡಿ ಹೆಚ್ಚುಕಡಿಮೆ ಮಾಡಬೇಕು. ತೀರಾ ಉದ್ದವಾದರೆ ಜೋರು ಗಾಳಿಯಲ್ಲಿ ಫಿನ್ ಬೋರ್ಡಿನ ಒಂದು ಅಂಚನ್ನೇ ಎತ್ತಿ ಹತೋಟಿ ತಪ್ಪಿಸುತ್ತದೆ.

ಇನ್ನು ಫಿನ್‌ನ ಮುಂದಿನ ಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡ ಕಡೆ ಗಾಳಿಗೂ ದಾರಿ ಇದೆ. ಹಾರಂಗಿಯಂಥ ಹಿನ್ನೀರು ಬೇಸಿಗೆಗೆ ಇಳಿದಾಗ ಕಲ್ಲು, ಬೊಡ್ಡೆ ತಾಗಿ ಕಚ್ಚು ಬೀಳುತ್ತದೆ. ಸಣ್ಣದಾದರೆ 400ರ ಮರಳು ಕಾಗದ, ಅಂದರೆ ವಾಟರ್ ಪೇಪರ್‌ನಿಂದ ನೀರು ಹಾಕಿ ಉದ್ದಕ್ಕೆ ಉಜ್ಜಿ, ಕೊನೆಗೆ ಇನ್ನೂ ನಯವಾದ 600ರಿಂದ. ಆಳವಿದ್ದರೆ ಎಪಾಕ್ಸಿ ತುಂಬಿ. ನಮ್ಮ ಮಳೆಗಾಲದ ಚಳಿಗೆ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರಪಟ್ಟು ಉಜ್ಜಬೇಡಿ. ಜಿ-10 ಫಿನ್ ಗಾಜಿನ ನಾರಿನದು. ಮಾಸ್ಕ್ ಇಲ್ಲದೆ ಒಣದಾಗಿ ಉಜ್ಜಲೇಬೇಡಿ.

ಫಿನ್ ಬುಡದಲ್ಲಿ ಸಂದಿ ಇರಬಾರದು. ಅಲುಗಾಡಿದರೆ ತೆಳು ಟೇಪ್ ಸುತ್ತಿ ಕೂರಿಸಿ. ಸ್ಕ್ರೂವನ್ನೇ ಇನ್ನಷ್ಟು ಬಿಗಿದರೆ ಫಿನ್ ಬಾಕ್ಸ್ (ಬೋರ್ಡಿನಲ್ಲಿ ಫಿನ್ ಕೂರುವ ಗೂಡು) ಬಿರುಕು ಬಿಡಬಹುದು.

ಜಲಾಶಯಕ್ಕೆ ಇಳಿಯುವ ಮೊದಲು ಅನುಮತಿ ಪಡೆಯಿರಿ, ಕ್ರೆಸ್ಟ್ ಗೇಟ್ (ಅಣೆಕಟ್ಟಿನಿಂದ ನೀರು ಹೊರಬಿಡುವ ಬಾಗಿಲು) ಕಡೆಗೆ ಸುಳಿಯಬೇಡಿ. ಜೊಂಡು ಇರುವಲ್ಲಿ ಹಿಂದಕ್ಕೆ ಸುಮಾರು 45 ಡಿಗ್ರಿ ವಾಲಿದ ವೀಡ್ ಫಿನ್ ಹಾಕಿ. ನೆಟ್ಟಗಿನ ಫಿನ್‌ಗೆ ಒಂದೆರಡು ಎಳೆ ಸುತ್ತಿದರೂ ಎಂಥ ನುರಿತವರ ಬೋರ್ಡೂ ಜಾರುತ್ತದೆ.