ಬೆಳಗುವ ಕಲ್ಲಿನ ಕಾರಣಶೋಧ

ಅತಿನೇರಳೆ ದೀಪದಡಿ ಕಲ್ಲೊಂದು ಬೆಳಗಿದ ಕೂಡಲೇ ಬಣ್ಣ ನೋಡಿ ಕಾರಣ ಹೇಳಿಬಿಡುವವರು ಹಲವರು. ಆದರೆ ಬಣ್ಣ ಇಲ್ಲಿ ದುರ್ಬಲ ಸಾಕ್ಷಿ. ಕ್ಯಾಲ್ಸಿಯಂ ಕಾರ್ಬೊನೇಟ್‌ನ ಖನಿಜವಾದ ಕ್ಯಾಲ್ಸೈಟ್ ಶುದ್ಧವಾಗಿದ್ದರೆ ಸಾಮಾನ್ಯವಾಗಿ ಬೆಳಗುವುದಿಲ್ಲ. ಅದರ ಹರಳಿನಲ್ಲಿ ಕೆಲವು ಕ್ಯಾಲ್ಸಿಯಂ ಅಯಾನುಗಳ ಜಾಗದಲ್ಲಿ ಮ್ಯಾಂಗನೀಸ್ ಕುಳಿತಿದ್ದು, ಜೊತೆಗೆ ಸೀಸವೂ ಇದ್ದರೆ, 254 ನ್ಯಾನೋಮೀಟರ್ ತರಂಗದ ಬೆಳಕನ್ನು ಸೀಸ ಹೀರಿ ಶಕ್ತಿಯನ್ನು ಮ್ಯಾಂಗನೀಸ್‌ಗೆ ದಾಟಿಸುತ್ತದೆ, ಆಗ ಕಲ್ಲು ಕೆಂಡದಂತೆ ಕೆಂಪಾಗುತ್ತದೆ. ಅದೇ ಮ್ಯಾಂಗನೀಸ್ ಸತುವಿನ ಸಿಲಿಕೇಟ್ ಆದ ವಿಲ್ಲೆಮೈಟ್‌ನಲ್ಲಿ ಹಸಿರು ಬೆಳಕು ಸೂಸುತ್ತದೆ. ಕ್ಯಾಲ್ಸೈಟ್‌ನಲ್ಲಿ ಅದನ್ನು 6 ಆಮ್ಲಜನಕ ಪರಮಾಣುಗಳು ಸುತ್ತುವರಿದಿದ್ದರೆ ವಿಲ್ಲೆಮೈಟ್‌ನಲ್ಲಿ 4 ಮಾತ್ರ. ನೆರೆಹೊರೆ ಬದಲಾದರೆ ಎಲೆಕ್ಟ್ರಾನ್‌ನ ಶಕ್ತಿಮಟ್ಟಗಳ ಅಂತರವೂ ಬದಲಾಗುತ್ತದೆ.

ಆದ್ದರಿಂದ ಕಣ್ಣಿಗೆ ಕಂಡ ಬಣ್ಣದ ಬದಲು ರೋಹಿತವನ್ನು, ಅಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕನ್ನು, ಓದಬೇಕು. ಮ್ಯಾಂಗನೀಸ್‌ನದು ಅಗಲವಾದ ಪಟ್ಟಿ. ಮಾಣಿಕ್ಯದಲ್ಲಿನ ಕ್ರೋಮಿಯಂ 694 ನ್ಯಾನೋಮೀಟರ್ ಬಳಿ ಚೂಪಾದ ಗೆರೆ ಬಿಡುತ್ತದೆ. ಯುರೇನಿಯಂ ಮತ್ತು ಆಮ್ಲಜನಕ ಕೂಡಿದ ಯುರೇನೈಲ್ ಅಯಾನಿನ ಹಸಿರು ಬೆಳಕು ಹೆಚ್ಚುಕಡಿಮೆ ಸಮಾನ ಅಂತರದ ಪಟ್ಟಿಗಳಾಗಿ ಒಡೆಯುತ್ತದೆ. ದೀಪ ಆರಿಸಿದ ಮೇಲೆ ಬೆಳಕು ಎಷ್ಟು ಹೊತ್ತಿಗೆ ತಗ್ಗುತ್ತದೆ ಎಂಬುದೂ ಸುಳಿವೇ: ಮಾಣಿಕ್ಯಕ್ಕೆ ಕೆಲವು ಮಿಲಿಸೆಕೆಂಡುಗಳು ಬೇಕು, ಅನೇಕ ಸಾವಯವ ಕಲ್ಮಶಗಳಿಗೆ ನ್ಯಾನೋಸೆಕೆಂಡುಗಳು ಸಾಕು. (ಅಗ್ಗದ 395 ನ್ಯಾನೋಮೀಟರ್ ಟಾರ್ಚು ಈ ಕೆಲಸಕ್ಕೆ ಬಾರದು, ಅದರ ನೇರಳೆ ಪ್ರತಿಫಲನವನ್ನೇ ಹೊಳಪೆಂದು ನಂಬುವ ಅಪಾಯ ಹೆಚ್ಚು.)

ಇಷ್ಟಾದರೂ ವಾದ ಮುಗಿಯದಿರಬಹುದು. ಮಾಣಿಕ್ಯದ ಮೂಲದ್ರವ್ಯವಾದ ಅಲ್ಯುಮಿನಾದ (ಅಲ್ಯೂಮಿನಿಯಂ ಆಕ್ಸೈಡ್) ಕೆಂಪು ಬೆಳಕು ಅಲ್ಯುಮಿನಾದ್ದೇ ಎಂದು ಫ್ರೆಂಚ್ ಭೌತವಿಜ್ಞಾನಿ ಎಡ್ಮಂಡ್ ಬೆಕೆರೆಲ್ ಹೇಳಿದರು; ಗ್ಯಾಲಿಯಂ ಕಂಡುಹಿಡಿದ ಲೆಕಾಕ್ ದ ಬುವಾಬೊದ್ರಾನ್ 1880ರ ದಶಕದಲ್ಲಿ ಅದಕ್ಕೆ ಅಲ್ಪ ಪ್ರಮಾಣದ ಕ್ರೋಮಿಯಂ ಕಾರಣವೆಂದು ವಾದಿಸಿದರು. ಇಂಥ ಪ್ರಶ್ನೆ ತೀರ್ಮಾನವಾಗುವುದು ಪ್ರಯೋಗಾಲಯದಲ್ಲಿ ಹರಳನ್ನು ತಯಾರಿಸಿ, ಶಂಕಿತ ಧಾತುವನ್ನು ಒಮ್ಮೆ ಬೆರೆಸಿ, ಒಮ್ಮೆ ಬಿಟ್ಟು ನೋಡಿದಾಗಲೇ.

ಧಾರವಾಡದಲ್ಲಿ ಭೂವಿಜ್ಞಾನ ಓದುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಗದಗ ಸೀಮೆಯ ಶಿಲೆಗಳಲ್ಲಿ ಕಬ್ಬಿಣ ಹೇರಳ. ಕಪ್ಪತಗುಡ್ಡದ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಗಳಷ್ಟೇ ಅಲ್ಲ, ಚಿನ್ನವಿರುವ ಬೆಣಚುಕಲ್ಲಿನ ಸಿರೆಗಳ ಜೊತೆಗಿರುವ ಆಂಕರೈಟ್ ಎಂಬ ಕಾರ್ಬೊನೇಟ್ ಕೂಡ ಕಬ್ಬಿಣ ಹೊತ್ತಿರುತ್ತದೆ. ಮ್ಯಾಂಗನೀಸ್ ಹೀರಿದ ಶಕ್ತಿಯನ್ನು ಕಬ್ಬಿಣ ಬೆಳಕಾಗಲು ಬಿಡದೆ ಸೆಳೆದು ಶಾಖವಾಗಿ ಚೆಲ್ಲಿಬಿಡುತ್ತದೆ. ಹೀಗಾಗಿ ಅಲ್ಲಿನ ಕಾರ್ಬೊನೇಟ್ ದೀಪದಡಿ ಕಪ್ಪಾಗಿಯೇ ಉಳಿದರೆ, ಅದರಲ್ಲಿ ಮ್ಯಾಂಗನೀಸ್ ಇಲ್ಲವೆಂದು ಬರೆದುಕೊಳ್ಳುವಂತಿಲ್ಲ; ರಾಸಾಯನಿಕ ವಿಶ್ಲೇಷಣೆಯಲ್ಲಿ ಎರಡೂ ಧಾತುಗಳನ್ನು ಅಳೆದು ಅವುಗಳ ಅನುಪಾತ ನೋಡಬೇಕು.